ಬಿ.ಎ. ತರಗತಿಗೆ ಸರ್ಕಾರದ ನೀತಿ ಬರುವುದು ಗಂಟೆಗಳ ಲೆಕ್ಕದಲ್ಲಿ

ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಮೊದಲ ಜಗಳ ಆಗುವುದು ಟೈಮ್‌ಟೇಬಲ್ ಹಾಕುವ ದಿನ. ತಾಲ್ಲೂಕು ಕೇಂದ್ರದ ಸಾಧಾರಣ ಪದವಿ ಕಾಲೇಜು ನಮ್ಮದು. ಬಿ.ಎ. ಇದೆ, ಬಿ.ಕಾಂ. ಇದೆ, ಬೆರಳೆಣಿಕೆಯ ಮಕ್ಕಳಿರುವ ಬಿ.ಎಸ್ಸಿ. ಇದೆ. ಸ್ಟಾಫ್ ರೂಮಿನ ಉದ್ದ ಮೇಜಿನ ಮೇಲೆ ಡ್ರಾಯಿಂಗ್ ಶೀಟ್ ಹರಡಿ, ಸ್ಕೇಲ್ ಇಟ್ಟು ಗೆರೆ ಎಳೆದು, ಒಂದೊಂದು ಚೌಕದಲ್ಲಿ ಒಬ್ಬೊಬ್ಬರ ಇನಿಷಿಯಲ್ ಬರೆಯುತ್ತೇವೆ. ಕಾಯಂ ಅಧ್ಯಾಪಕರದ್ದು ಪೆನ್ನಿನಲ್ಲಿ, ಅತಿಥಿ ಉಪನ್ಯಾಸಕರದ್ದು ಪೆನ್ಸಿಲ್‌ನಲ್ಲಿ. ಹೀಗೇ ಬರೆಯಿರಿ ಅಂತ ಯಾವ ಸುತ್ತೋಲೆಯೂ ಬಂದಿಲ್ಲ. ಆದರೂ ಎಲ್ಲರಿಗೂ ಗೊತ್ತು. ಅತಿಥಿಗಳ ಪಟ್ಟಿ ಬರುವುದೇ ತಡ, ಬಂದ ಮೇಲೂ ಹೆಸರು ಬದಲಾಗಬಹುದು. ಅಳಿಸೋಕೆ ಸುಲಭವಾಗಿರಲಿ ಅಂತ.

ಜಗಳ ಏಕೆ ಅಂದರೆ, ಪಾಠ ಜಾಸ್ತಿಯಾಯಿತು ಅಂತ ಅಲ್ಲ. ಹೊರಗಿನವರು ಹಾಗೆ ಅಂದುಕೊಳ್ಳುತ್ತಾರೆ. ಜಗಳ ಇರುವುದು ಪಾಠ ಸಾಲದು ಅಂತ. "ನನ್ನ ವರ್ಕ್‌ಲೋಡ್ ಹನ್ನೆರಡೇ ಆಗ್ತಿದೆ, ಆ ಓಪನ್ ಎಲೆಕ್ಟಿವ್ ನನಗೇ ಇರಲಿ" ಅಂತ ಇತಿಹಾಸದವರು. "ಅದು ಹೋದ ವರ್ಷದಿಂದಲೂ ನಮ್ಮದೇ ಅಲ್ವಾ ಸರ್" ಅಂತ ರಾಜ್ಯಶಾಸ್ತ್ರದ ಮೇಡಂ. ಪ್ರಿನ್ಸಿಪಾಲರು ಚಹಾ ತರಿಸುತ್ತಾರೆ.

ಮಾನವಿಕ ವಿಷಯಗಳ ಬಗ್ಗೆ ಸೆಮಿನಾರುಗಳಲ್ಲಿ ಬೇಕಾದಷ್ಟು ದೊಡ್ಡ ಮಾತು ಕೇಳಿದ್ದೇನೆ. ನಾನೂ ಆಡಿದ್ದೇನೆ. ಆದರೆ ಸರ್ಕಾರದ ನೀತಿ ನಮ್ಮ ತರಗತಿಗೆ ಬರುವಾಗ ದೊಡ್ಡ ಮಾತಾಗಿ ಬರುವುದಿಲ್ಲ. ವಾರಕ್ಕೆ ಎಷ್ಟು ಗಂಟೆ ಅನ್ನುವ ಒಂದು ಅಂಕಿಯಾಗಿ ಬರುತ್ತದೆ. ಆ ಅಂಕಿ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ, ಬಿ.ಎ.ಗೆ ಏನಾಗುತ್ತಿದೆ ಅನ್ನುವುದು ಮುಕ್ಕಾಲು ಪಾಲು ಅರ್ಥವಾದಂತೆ.

ಹದಿನಾರರ ಮಗ್ಗಿ

ಕಡತದ ಭಾಷೆಯಲ್ಲಿ ಇದಕ್ಕೆ ಕಾರ್ಯಭಾರ ಅಂತ ಹೆಸರು. ವಿಶ್ವವಿದ್ಯಾಲಯ ಅನುದಾನ ಆಯೋಗ ಅಂದರೆ ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ನೇರ ಪಾಠ ಮಾಡಬೇಕು. ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರಿಗೆ 14 ಗಂಟೆ. "ವಾರಕ್ಕೆ ಬರೀ ಹದಿನಾರಾ?" ಅಂತ ಬ್ಯಾಂಕಿನಲ್ಲಿರುವ ನನ್ನ ಭಾವಮೈದ ಪ್ರತಿ ಹಬ್ಬಕ್ಕೂ ಕೇಳುತ್ತಾನೆ. ಪಾಠದ ತಯಾರಿ, ಇಂಟರ್ನಲ್ಸ್, ಮೌಲ್ಯಮಾಪನ, ಸ್ಕಾಲರ್‌ಶಿಪ್ ಅರ್ಜಿ, ಎನ್‌ಎಸ್‌ಎಸ್ ಶಿಬಿರ, ಚುನಾವಣಾ ಡ್ಯೂಟಿ, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲು, ಎಲ್ಲವೂ ಆ ಹದಿನಾರರ ಆಚೆಗೆ. ಇರಲಿ, ಆ ವಾದ ಇನ್ನೊಂದು ಹಬ್ಬಕ್ಕೆ.

ಈ 16 ಬರೀ ಕೆಲಸದ ಅಳತೆಯಲ್ಲ, ಹುದ್ದೆಯ ಅಳತೆ. ವಿಭಾಗದ ಒಟ್ಟು ಗಂಟೆಗಳನ್ನು ಕೂಡಿಸಿ 16ರಿಂದ ಭಾಗಿಸಿ ನೋಡಿ. 48 ಬಂದರೆ ಮೂರು ಹುದ್ದೆ ಕೇಳಬಹುದು. 34 ಬಂದರೆ ಎರಡು, ಮೇಲೆ ಎರಡು ಗಂಟೆ ಉಳಿಕೆ. 12 ಬಂದರೆ ಇರುವ ಒಬ್ಬರೇ ಹೆಚ್ಚಾದರು. ಅವರನ್ನು ವಾರದಲ್ಲಿ ಎರಡು ದಿನ ಪಕ್ಕದ ತಾಲ್ಲೂಕಿನ ಕಾಲೇಜಿಗೆ ನಿಯೋಜನೆ ಮೇಲೆ ಕಳಿಸಬಹುದು, ಇಲ್ಲವೇ ವರ್ಗಾವಣೆ ಪಟ್ಟಿಯಲ್ಲಿ ಅವರ ಹೆಸರು ಮೇಲೆ ಬರಬಹುದು. ಪಾಠ ಚೆನ್ನಾಗಿ ಮಾಡುತ್ತಾರೋ ಇಲ್ಲವೋ ಅನ್ನುವುದು ಈ ಭಾಗಾಕಾರದಲ್ಲಿ ಎಲ್ಲೂ ಬರುವುದಿಲ್ಲ.

ಇಲ್ಲಿ ವಿಜ್ಞಾನಕ್ಕೂ ನಮಗೂ ಒಂದು ವ್ಯತ್ಯಾಸವಿದೆ. ರಸಾಯನಶಾಸ್ತ್ರಕ್ಕೆ ಲ್ಯಾಬ್ ಇದೆ. ಅಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲಲು ಆಗುವುದಿಲ್ಲ, ಬ್ಯಾಚ್ ಮಾಡಲೇಬೇಕು. ಎರಡು ಗಂಟೆ ಪ್ರಾಯೋಗಿಕ ತರಗತಿಯನ್ನು ಒಂದು ಗಂಟೆ ಪಾಠಕ್ಕೆ ಸಮ ಅಂತ ಹಿಡಿದರೂ, ಬ್ಯಾಚ್ ಹೆಚ್ಚಿದಷ್ಟು ಗಂಟೆ ಹೆಚ್ಚುತ್ತದೆ. ಇತಿಹಾಸಕ್ಕೆ ಲ್ಯಾಬ್ ಇಲ್ಲ. 80 ಜನ ಕೂತರೂ ಒಂದೇ ತರಗತಿ, ಒಂದೇ ಗಂಟೆ. ಹುಡುಗರ ಕೈಲಿ ಎರಡು ಪುಟ ಬರೆಸಿ, ಪಕ್ಕದಲ್ಲಿ ಕೂರಿಸಿಕೊಂಡು, "ಈ ಮಾತಿಗೆ ಆಧಾರ ಏನಪ್ಪಾ?" ಅಂತ ಕೇಳಿ ತಿದ್ದುವುದೇ ನಮ್ಮ ಲ್ಯಾಬ್. ಟ್ಯುಟೋರಿಯಲ್ ಅನ್ನುವ ಮಾತು ನಿಯಮದಲ್ಲೇನೋ ಇದೆ. ನಮ್ಮ ಡ್ರಾಯಿಂಗ್ ಶೀಟಿನಲ್ಲಿ ಅದಕ್ಕೊಂದು ಚೌಕ ಸಿಕ್ಕಿದ್ದನ್ನು ನಾನು ನೋಡಿಲ್ಲ. ಬಿ.ಎ. ಮುಗಿಸಿದವರಿಗೆ ಒಂದು ಪುಟ ನೆಟ್ಟಗೆ ಬರೆಯೋಕೆ ಬರಲ್ಲ ಅಂತ ಬೈಯುವವರು ಈ ಚೌಕದ ಬಗ್ಗೆ ಒಮ್ಮೆ ಯೋಚಿಸಬೇಕು.

ಆದೇಶ ಎಲ್ಲಿಂದ ಹೊರಡುತ್ತದೆ

ಗಂಟೆಯನ್ನು ನಿರ್ಧರಿಸುವವರು ಒಬ್ಬರಲ್ಲ, ಕನಿಷ್ಠ ನಾಲ್ವರು. ಶಿಕ್ಷಣ ಮೊದಲು ರಾಜ್ಯಪಟ್ಟಿಯಲ್ಲಿತ್ತು. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ತಂದಿತು. ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಆದರೆ ಉನ್ನತ ಶಿಕ್ಷಣದ ಗುಣಮಟ್ಟ ನಿರ್ಧರಿಸುವ ಅಧಿಕಾರ ಮೊದಲಿನಿಂದಲೂ ಕೇಂದ್ರದ್ದೇ. ಆ ಬಲದ ಮೇಲೆ 1956ರಲ್ಲಿ ಯುಜಿಸಿ ಕಾಯ್ದೆ ಬಂತು. ಹಾಗಾಗಿ ಅಧ್ಯಾಪಕರ ಅರ್ಹತೆ, ವೇತನ ಶ್ರೇಣಿ, ಪಾಠದ ಗಂಟೆ ದೆಹಲಿಯಿಂದ ಬರುತ್ತವೆ. ಹುದ್ದೆ ಮಂಜೂರು ಮಾಡುವುದು, ತುಂಬುವುದು, ಕಾಲೇಜು ನಡೆಸುವುದು ಬೆಂಗಳೂರು. ಯಾವ ಪಠ್ಯ, ಯಾವ ಪತ್ರಿಕೆ ಅನ್ನುವುದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯ ಕೆಲಸ.

ನಾಲ್ಕನೆಯವರು ಕಣ್ಣಿಗೆ ಬೀಳುವುದಿಲ್ಲ. ಅದು ಹಣಕಾಸು ಇಲಾಖೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅನ್ನುವ ಗಾದೆ ಇವರಿಗಾಗಿಯೇ ಹುಟ್ಟಿತೇನೋ. ಹುದ್ದೆ ಖಾಲಿ ಇದೆ ಅಂತ ಎಲ್ಲರೂ ಒಪ್ಪಿದರೂ, ಆರ್ಥಿಕ ಸಹಮತಿ ಸಿಗುವ ತನಕ ಅದು ಖಾಲಿಯೇ. ಅನುದಾನಿತ ಕಾಲೇಜುಗಳಲ್ಲಿ ತತ್ವಶಾಸ್ತ್ರದವರೋ ಮನಶ್ಶಾಸ್ತ್ರದವರೋ ನಿವೃತ್ತರಾದರೆ ಆ ಕುರ್ಚಿ ಎಷ್ಟೋ ಸಲ ಅವರೊಟ್ಟಿಗೇ ಮನೆಗೆ ಹೋಗುತ್ತದೆ. ಮೂರು ವರ್ಷ ಅಧ್ಯಾಪಕರಿಲ್ಲದಿದ್ದರೆ ವಿದ್ಯಾರ್ಥಿಗಳು ಬರುವುದಿಲ್ಲ. ವಿದ್ಯಾರ್ಥಿಗಳಿಲ್ಲದಿದ್ದರೆ ವಿಷಯ ಏಕೆ ಬೇಕು ಅಂತ ಕಡತದಲ್ಲಿ ಒಂದು ಸಾಲು ಸೇರುತ್ತದೆ. ತತ್ವಶಾಸ್ತ್ರ ಬೇಡ ಅಂತ ಯಾವ ಸಚಿವರೂ ಭಾಷಣ ಮಾಡಬೇಕಾಗಿ ಬರಲಿಲ್ಲ.

ನೇಮಕಾತಿ ನಡೆದಾಗಲೂ ಅದರ ವೇಗ ನೋಡಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಅಧಿಸೂಚನೆ ಬಂತು. ಪರೀಕ್ಷೆ ನಡೆದದ್ದು 2022ರ ಮಾರ್ಚ್‌ನಲ್ಲಿ. ನೇಮಕಾತಿ ಆದೇಶ ಕೈಗೆ ಸಿಕ್ಕಿದ್ದು 2024ರಲ್ಲಿ. ಈ ನಡುವೆ ಒಂದು ಪಠ್ಯಕ್ರಮ ಬಂದು, ಹೊರಟೂ ಹೋಗಿತ್ತು.

ಮೂರರಿಂದ ಎರಡು, ಎರಡರಿಂದ ಮತ್ತೆ ಮೂರು

ಆ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಗಂಟೆಯ ಲೆಕ್ಕ ಚೆನ್ನಾಗಿ ಕಾಣುವುದು ಅಲ್ಲೇ.

ಕರ್ನಾಟಕದ ಬಿ.ಎ. ಅಂದರೆ ಮೂರು ಐಚ್ಛಿಕ ವಿಷಯಗಳ ಕಾಂಬಿನೇಷನ್. ಎಚ್‌ಇಪಿ ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಎಚ್‌ಇಕೆ ಅಂದರೆ ಕೊನೆಯದಕ್ಕೆ ಬದಲು ಐಚ್ಛಿಕ ಕನ್ನಡ. ಊರಲ್ಲಿ ಯಾರನ್ನಾದರೂ ಏನು ಓದುತ್ತಿದ್ದೀಯಾ ಅಂತ ಕೇಳಿದರೆ ಬಿ.ಎ. ಅನ್ನುವುದಿಲ್ಲ, ಎಚ್‌ಇಪಿ ಅನ್ನುತ್ತಾರೆ. ಈ ಆಯ್ಕೆಯ ಹಿಂದೆಯೂ ನೀತಿಯೇ ಇದೆ. ಬಿ.ಎಡ್. ಮಾಡಿ ಮೇಷ್ಟ್ರಾಗಲು ಯಾವ ಕಾಂಬಿನೇಷನ್ ನಡೆಯುತ್ತದೆ, ಕೆಎಎಸ್ ಪರೀಕ್ಷೆಗೆ ಯಾವುದು ಅನುಕೂಲ ಅಂತ ಅಣ್ಣಂದಿರನ್ನೋ ಪಕ್ಕದ ಮನೆಯವರನ್ನೋ ಕೇಳಿಕೊಂಡೇ ಮಕ್ಕಳು ಬರುತ್ತಾರೆ. ನೇಮಕಾತಿ ನಿಯಮದಲ್ಲಿ ಒಂದು ಪದ ಬದಲಾದರೆ ಎರಡು ವರ್ಷದ ನಂತರ ಒಂದು ವಿಭಾಗದಲ್ಲಿ ಬೆಂಚು ಖಾಲಿಯಾಗುತ್ತದೆ.

2021ರ ಆಗಸ್ಟ್‌ನಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು (ಎನ್‌ಇಪಿ) ಪದವಿಯಲ್ಲಿ ಜಾರಿಗೆ ತಂದಿತು. ದೇಶದಲ್ಲೇ ಮೊದಲು ಅಂತ ಆಗ ಹೆಮ್ಮೆಯಿಂದ ಹೇಳಿಕೊಂಡದ್ದು ನೆನಪಿರಬಹುದು. ನಾಲ್ಕು ವರ್ಷದ ಆನರ್ಸ್ ಬಗ್ಗೆ ಟಿವಿಯಲ್ಲಿ ಬಹಳ ಚರ್ಚೆಯಾಯಿತು. ನಮಗೆ ತಟ್ಟಿದ್ದು ಬೇರೆ. ಹೊಸ ಮಾದರಿಯಲ್ಲಿ ಮೂರು ಐಚ್ಛಿಕಗಳ ಜಾಗದಲ್ಲಿ ಎರಡು ಬಂದವು. ಎರಡಕ್ಕೂ ಪ್ರತಿ ಸೆಮಿಸ್ಟರ್‌ನಲ್ಲಿ ಎರಡೆರಡು ಪತ್ರಿಕೆ. ಜೊತೆಗೆ ಒಂದು ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲುಯೆನ್ಸಿಯಂಥ ಕೌಶಲ ಪತ್ರಿಕೆಗಳು.

ಕಾಗದದ ಮೇಲೆ ಇದು ಚೆನ್ನಾಗಿದೆ. ಎರಡು ವಿಷಯ ಆಳವಾಗಿ ಓದಲಿ ಅನ್ನುವುದು ತಪ್ಪೇನಲ್ಲ. ಆದರೆ ಮೂರನೆಯ ವಿಷಯ ಎಲ್ಲಿ ಹೋಯಿತು? ಅಡ್ಮಿಷನ್ ಮೇಜಿನ ಮುಂದೆ ನಿಂತ ಹುಡುಗಿ ಎಚ್‌ಇಪಿಯಲ್ಲಿ ಒಂದನ್ನು ಬಿಡಬೇಕು. ನಮ್ಮಲ್ಲಿ ಬಿಟ್ಟದ್ದು ಅರ್ಥಶಾಸ್ತ್ರ. ಲೆಕ್ಕ ಬರುತ್ತದೆ ಅನ್ನುವ ಭಯ ಅಷ್ಟೇ. ಇತಿಹಾಸದ ಮೇಷ್ಟ್ರಿಗೆ ಗಂಟೆ ತುಂಬಿ ತುಳುಕಿತು. ಇಪ್ಪತ್ತು ವರ್ಷ ಪಾಠ ಮಾಡಿದ ಅರ್ಥಶಾಸ್ತ್ರದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಪೇಪರ್ ಓದುತ್ತಾ ಕೂತರು. ಡಿಜಿಟಲ್ ಫ್ಲುಯೆನ್ಸಿ ಪಾಠ ಮಾಡುವವರಿಲ್ಲ ಅಂದಾಗ ಅದನ್ನೂ ಅವರಿಗೇ ಹಾಕಿದೆವು. ಪಾಪ, ಮಗನ ಹತ್ತಿರ ಕಲಿತುಕೊಂಡು ಬಂದು ಪಾಠ ಮಾಡಿದರು.

ಒಳ್ಳೆಯದೂ ಆಯಿತು, ಅದನ್ನೂ ಹೇಳಬೇಕು. ಓಪನ್ ಎಲೆಕ್ಟಿವ್ ಅಂದರೆ ಬೇರೆ ವಿಭಾಗದವರು ನಮ್ಮ ವಿಷಯ ಓದುವುದು. ಬಿ.ಕಾಂ.ನ ಒಬ್ಬ ಹುಡುಗ ಹೀಗೆ ಇತಿಹಾಸದ ತರಗತಿಗೆ ಬಂದ. ಮೂರನೇ ವಾರ ತನ್ನ ಊರ ಕೆರೆ ಏರಿಯ ಹಿಂದೆ ಬಿದ್ದಿದ್ದ ಒಂದು ವೀರಗಲ್ಲಿನ ಫೋಟೋ ಮೊಬೈಲಿನಲ್ಲಿ ತಂದು, "ಇದರಲ್ಲಿ ಹಸುಗಳು ಏಕಿವೆ ಸರ್?" ಅಂತ ಕೇಳಿದ. ಅವನ ಮನೆಯವರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರಂತೆ. ತುರುಗಾಳಗದ, ಅಂದರೆ ದನಗಳಿಗಾಗಿ ನಡೆದ ಕಾಳಗದ ಪಾಠ ಅವತ್ತು ಎರಡು ಗಂಟೆ ನಡೆಯಿತು. ಎರಡನೇ ಗಂಟೆ ಲೆಕ್ಕಕ್ಕೆ ಬರಲಿಲ್ಲ.

ಸರ್ಕಾರ ಬದಲಾಯಿತು. 2023ರ ಅಕ್ಟೋಬರ್‌ನಲ್ಲಿ ರಾಜ್ಯ ಶಿಕ್ಷಣ ನೀತಿಗಾಗಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿ ಆಧರಿಸಿ 2024ರ ಮೇ ತಿಂಗಳಲ್ಲಿ ಆದೇಶ ಬಂತು. ಪದವಿ ಮತ್ತೆ ಮೂರು ವರ್ಷ, ಐಚ್ಛಿಕ ವಿಷಯ ಮತ್ತೆ ಮೂರು. ಆಯೋಗದ ಪೂರ್ಣ ವರದಿ ಸರ್ಕಾರದ ಕೈ ಸೇರಿದ್ದು 2025ರ ಆಗಸ್ಟ್‌ನಲ್ಲಿ.

ಸರಿ, 2024-25ರ ಟೈಮ್‌ಟೇಬಲ್ ಶೀಟನ್ನು ಕಲ್ಪಿಸಿಕೊಳ್ಳಿ. ಮೊದಲ ವರ್ಷದವರಿಗೆ ಹೊಸ ಪಠ್ಯ. ಎರಡು ಮತ್ತು ಮೂರನೇ ವರ್ಷದವರಿಗೆ ಹಳೆಯ ಎನ್‌ಇಪಿ ಪಠ್ಯ. ಅರ್ಥಶಾಸ್ತ್ರದ ಮೇಷ್ಟ್ರಿಗೆ ಮೊದಲ ವರ್ಷದಲ್ಲಿ ಇದ್ದಕ್ಕಿದ್ದಂತೆ ಗಂಟೆ ಬಂತು, ಉಳಿದೆರಡು ವರ್ಷದಲ್ಲಿ ಇಲ್ಲ. ಅಕ್ಕ ಓದಿದ ಪುಸ್ತಕ ತಂಗಿಗೆ ಬರಲಿಲ್ಲ. ಮೂರು ವರ್ಷ ಕಷ್ಟಪಟ್ಟು ಮಾಡಿಟ್ಟ ನೋಟ್ಸು ಬೀರು ಸೇರಿತು. ಮೊದಲ ಎನ್‌ಇಪಿ ಬ್ಯಾಚಿನವರು ಮೂರನೇ ವರ್ಷ ಮುಗಿಸುವ ಹೊತ್ತಿಗೆ ಅವರ ಪದವಿಯ ಮಾದರಿಯೇ ರದ್ದಾಗಿತ್ತು.

ಎರಡು ವಿಷಯ ಒಳ್ಳೆಯದೋ ಮೂರು ಒಳ್ಳೆಯದೋ ಅಂತ ನನ್ನನ್ನು ಕೇಳಿದರೆ, ಮೂರೇ ಇರಲಿ ಅನ್ನುತ್ತೇನೆ. ಹದಿನೆಂಟು ವರ್ಷಕ್ಕೆ ಯಾವುದು ತನ್ನ ವಿಷಯ ಅಂತ ಎಷ್ಟು ಮಕ್ಕಳಿಗೆ ಗೊತ್ತಿರುತ್ತದೆ? ಆದರೆ ಇದಕ್ಕಿಂತ ಮುಖ್ಯವಾದದ್ದು ವೇಗ. ಮಾನವಿಕ ವಿಷಯದ ಪಾಠ ಹದಕ್ಕೆ ಬರಲು ನಾಲ್ಕೈದು ಸಲ ಮಾಡಬೇಕು. ಮೊದಲ ಸಲ ಪುಸ್ತಕ ಹೇಳಿದ್ದನ್ನು ಹೇಳುತ್ತೇವೆ. ಮೂರನೇ ಸಲ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಗೊತ್ತಾಗುತ್ತದೆ. ಅಷ್ಟರಲ್ಲಿ ಪಠ್ಯ ಬದಲಾದರೆ ನಾವು ಸದಾ ಮೊದಲ ಸಲದಲ್ಲೇ ಇರುತ್ತೇವೆ.

ಕನ್ನಡ ಮೇಷ್ಟ್ರ ಅನ್ನ ಬಿ.ಕಾಂ.ನಲ್ಲಿದೆ

ನಾನು ಕನ್ನಡ ಮೇಷ್ಟ್ರು. ಐಚ್ಛಿಕ ಕನ್ನಡ ಓದುವ ಹನ್ನೊಂದು ಮಕ್ಕಳಿಂದ ನನ್ನ ಹುದ್ದೆ ಉಳಿದಿಲ್ಲ. ಅದು ಉಳಿದಿರುವುದು ಬಿ.ಕಾಂ. ಮಕ್ಕಳಿಂದ. ಎರಡು ಸೆಕ್ಷನ್, ಎರಡು ವರ್ಷ, ಭಾಷೆಗೆ ವಾರಕ್ಕೆ ನಾಲ್ಕು ಗಂಟೆ. ಗುಣಿಸಿ ನೋಡಿ, 16. ಪೂರಾ ಒಂದು ಹುದ್ದೆ. ನಾಲ್ಕನ್ನು ಮೂರು ಮಾಡಿದರೆ 12. ಕಾಗದದಲ್ಲಿ ಕನ್ನಡ ಇದ್ದೇ ಇದೆ, ಯಾರೂ ತೆಗೆದಿಲ್ಲ. ಆದರೆ ಮುಂದೆ ಆ ಹುದ್ದೆ ಖಾಲಿಯಾದರೆ ತುಂಬುವುದು ಕಷ್ಟ.

ಹಾಗಾಗಿ ಭಾಷಾ ಗಂಟೆಯ ಸುದ್ದಿ ಬಂದಾಗಲೆಲ್ಲ ಕನ್ನಡ, ಹಿಂದಿ, ಉರ್ದು, ಸಂಸ್ಕೃತದವರೆಲ್ಲ ಗಾಬರಿಯಾಗುತ್ತೇವೆ. ಇದನ್ನು ಬರೀ ಭಾಷಾಪ್ರೇಮ ಅಂತ ತೋರಿಸಿಕೊಳ್ಳುವುದು ಪೂರ್ತಿ ಪ್ರಾಮಾಣಿಕವಲ್ಲ. ಬರೀ ಹೊಟ್ಟೆಪಾಡು ಅಂತ ತಳ್ಳಿಹಾಕುವುದೂ ಸರಿಯಲ್ಲ. 2021ರಲ್ಲಿ ಪದವಿಯಲ್ಲಿ ಕನ್ನಡ ಕಡ್ಡಾಯ ಅಂತ ಆದೇಶವಾದಾಗ ಸಂಸ್ಕೃತದ ಪರವಾಗಿ ಕೆಲವರು ಹೈಕೋರ್ಟ್ ಮೆಟ್ಟಿಲೇರಿದರು. ಎರಡು ಭಾಷೆಗಳಿಗಷ್ಟೇ ಜಾಗ ಇರುವ ಕಡೆ ಒಂದು ಕಡ್ಡಾಯವಾದರೆ, ಉಳಿದ ಒಂದು ಜಾಗಕ್ಕೆ ಇಂಗ್ಲಿಷ್ ಜೊತೆ ಪೈಪೋಟಿ ಮಾಡಬೇಕು. ಅಲ್ಲಿ ಯಾರು ಗೆಲ್ಲುತ್ತಾರೆ ಅಂತ ಹೇಳಬೇಕಾಗಿಲ್ಲ.

ಇನ್ನೊಂದು ದಾರಿಯಿಂದಲೂ ಹೊಡೆತ ಬೀಳಬಹುದು. 2024-25ರಿಂದ ಬಿಬಿಎ, ಬಿಸಿಎ ಕೋರ್ಸುಗಳು ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ ವ್ಯಾಪ್ತಿಗೆ ಬಂದವು. ಕಂಪ್ಯೂಟರ್ ಮತ್ತು ಮ್ಯಾನೇಜ್‌ಮೆಂಟ್ ಕಲಿಕೆ ಸುಧಾರಿಸಬೇಕು ಅನ್ನುವುದು ಅದರ ಲೆಕ್ಕಾಚಾರ. ಆದರೆ ಅಲ್ಲಿನ ಪಠ್ಯಕ್ರಮ ಬದಲಾಗುವಾಗ ಭಾಷೆಗೆ ಎಷ್ಟು ಗಂಟೆ ಉಳಿಯುತ್ತದೆ ಅನ್ನುವ ಪ್ರಶ್ನೆ ಎದ್ದೇ ಏಳುತ್ತದೆ. ದೆಹಲಿಯಲ್ಲಿ ಕಂಪ್ಯೂಟರ್ ಬಗ್ಗೆ ತೆಗೆದುಕೊಂಡ ತೀರ್ಮಾನ ತಾಲ್ಲೂಕಿನ ಕನ್ನಡ ವಿಭಾಗದ ಬಾಗಿಲಿಗೆ ಬಂದು ನಿಲ್ಲುವುದು ಹೀಗೆ.

ನೀತಿ ಅಂದರೆ ಕಿತ್ತುಕೊಳ್ಳುವುದೇ ಅಂತಲ್ಲ. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಕನ್ನಡದಲ್ಲಿ ಎಂ.ಎ. ಶುರುವಾದದ್ದು 1927ರಲ್ಲಿ. ಕುವೆಂಪು ಓದಿದ್ದು ಆಗ. ಅವರು ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾದರು. ಆಮೇಲೆ 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿತು, 1969ರಲ್ಲಿ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂತು. ಇದೆಲ್ಲ ಯಾರದೋ ಒಬ್ಬರ ಪ್ರತಿಭೆಯಿಂದ ಮಾತ್ರ ಆದದ್ದಲ್ಲ. ಎಂ.ಎ.ಗೆ ಜಾಗ, ಮೇಷ್ಟ್ರಿಗೆ ಹುದ್ದೆ, ಪುಸ್ತಕಕ್ಕೆ ದುಡ್ಡು ಕೊಡೋಣ ಅಂತ ಯಾರೋ ಸಹಿ ಹಾಕಿದ್ದರಿಂದ ಆದದ್ದು.

ಪೆನ್ಸಿಲ್ ಹೆಸರುಗಳು

ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದಾರೆ. ಅತಿಥಿ ಅನ್ನುವ ಪದ ಯಾರಿಗೆ ಹೊಳೆಯಿತೋ! ನಮ್ಮಲ್ಲಿ ಒಬ್ಬರು ಹದಿನಾಲ್ಕು ವರ್ಷದಿಂದ ಅತಿಥಿ. ತತ್ವಪದಗಳ ಮೇಲೆ ಪಿಎಚ್‌.ಡಿ. ಮಾಡಿದ್ದಾರೆ. ನನಗಿಂತ ಚೆನ್ನಾಗಿ ಪಾಠ ಮಾಡುತ್ತಾರೆ. ಪ್ರತಿ ವರ್ಷ ಹೊಸದಾಗಿ ಆನ್‌ಲೈನ್ ಅರ್ಜಿ ಹಾಕಿ, ಕೌನ್ಸೆಲಿಂಗ್‌ಗೆ ಕಾಯುತ್ತಾರೆ.

2022ರ ಜನವರಿವರೆಗೆ ಯುಜಿಸಿ ಅರ್ಹತೆ ಇದ್ದವರಿಗೆ ತಿಂಗಳಿಗೆ 13,000 ರೂಪಾಯಿ, ಇಲ್ಲದವರಿಗೆ 11,000 ಗೌರವಧನ ಇತ್ತು. ಹೋರಾಟದ ಒತ್ತಡಕ್ಕೆ ಸರ್ಕಾರ ಅದನ್ನು ಅರ್ಹತೆ ಮತ್ತು ಸೇವೆ ನೋಡಿ 26,000ದಿಂದ 32,000ದವರೆಗೆ ಏರಿಸಿತು. ನಿಜಕ್ಕೂ ದೊಡ್ಡ ಏರಿಕೆ. ಪೇಪರಿನಲ್ಲಿ ಓದಿ ಸಂತೋಷಪಟ್ಟೆವು. ಅದೇ ಆದೇಶದಲ್ಲಿ ಇನ್ನೊಂದು ಸಾಲಿತ್ತು. ವಾರಕ್ಕೆ 8-10 ಗಂಟೆ ಇದ್ದ ಪಾಠ 15 ಗಂಟೆಯಾಯಿತು.

ಈಗ ಮಗ್ಗಿ ಮತ್ತೆ ಹೊರಗೆ ತೆಗೆಯಿರಿ. ಒಂದು ವಿಭಾಗದಲ್ಲಿ ಅತಿಥಿಗಳಿಗೆ ಉಳಿದದ್ದು 30 ಗಂಟೆ ಅಂತ ಇಟ್ಟುಕೊಳ್ಳಿ. ತಲಾ ಹತ್ತರಂತೆ ಮೂವರಿಗೆ ಕೆಲಸ ಇತ್ತು. ತಲಾ ಹದಿನೈದರಂತೆ ಇಬ್ಬರಿಗೆ ಸಾಕು. ಮೂರನೆಯವರ ಇನಿಷಿಯಲ್ ಅಳಿಸಿಹೋಯಿತು. ಅಳಿಸಿದ್ದು ಯಾರು ಅಂತ ಕೇಳಿದರೆ ಸಂಬಳ ಏರಿಸಿದ ಆದೇಶವೇ. 2023ರ ನವೆಂಬರ್ ಕೊನೆಯಲ್ಲಿ ಸೇವಾ ಭದ್ರತೆಗಾಗಿ ಅತಿಥಿ ಉಪನ್ಯಾಸಕರು ಮತ್ತೆ ತರಗತಿ ಬಿಟ್ಟು ಬೀದಿಗಿಳಿದಾಗ ಅವರು ಕೇಳಿದ್ದು ಬರೀ ದುಡ್ಡಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ. ಹೋಲಿಕೆಗೆ ಹೇಳುತ್ತೇನೆ, ಏಳನೇ ವೇತನ ಶ್ರೇಣಿಯಲ್ಲಿ ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನವೇ 57,700. ಭತ್ಯೆಗಳು ಬೇರೆ. ಇಬ್ಬರೂ ಪಾಠ ಮಾಡುವುದು ಒಂದೇ ಪಠ್ಯ, ಪಕ್ಕಪಕ್ಕದ ಕೊಠಡಿಯಲ್ಲಿ.

ಕಲಾ ವಿಭಾಗಕ್ಕೆ ಇದರ ಪೆಟ್ಟು ಇನ್ನೊಂದು ರೀತಿಯಲ್ಲೂ ಬೀಳುತ್ತದೆ. ಜಾನಪದವನ್ನೋ ಸ್ಥಳೀಯ ಇತಿಹಾಸವನ್ನೋ ಕಲಿಸಬೇಕಾದರೆ ಆ ಸೀಮೆಯಲ್ಲಿ ನಾಲ್ಕು ವರ್ಷ ಓಡಾಡಬೇಕು. ಹಾಡುವವರ ಮನೆ ಗೊತ್ತಿರಬೇಕು, ಶಾಸನ ಯಾವ ಹೊಲದಲ್ಲಿದೆ ಅಂತ ಗೊತ್ತಿರಬೇಕು. ಮುಂದಿನ ವರ್ಷ ಯಾವ ತಾಲ್ಲೂಕೋ ಅನ್ನುವವರು ಅಷ್ಟು ಮನಸ್ಸಿಟ್ಟು ಹೇಗೆ ಓಡಾಡುತ್ತಾರೆ?

ಗುತ್ತಿಗೆ ಅಧ್ಯಾಪಕರು ಒಟ್ಟು ಹುದ್ದೆಗಳ ಶೇ 10 ಮೀರಬಾರದು ಅಂತ ಯುಜಿಸಿಯ 2018ರ ನಿಯಮವೇ ಹೇಳಿತ್ತು. ಎಷ್ಟರ ಮಟ್ಟಿಗೆ ಪಾಲನೆಯಾಯಿತು ಅಂತ ಯಾವುದೇ ಸ್ಟಾಫ್ ರೂಮಿಗೆ ಹೋಗಿ ನೋಡಬಹುದು. 2025ರ ಜನವರಿಯಲ್ಲಿ ಬಂದ ಕರಡು ನಿಯಮಾವಳಿಯಲ್ಲಿ ಆ ಮಿತಿಯನ್ನೇ ಕೈಬಿಡಲಾಗಿತ್ತು. ಫೆಬ್ರವರಿಯಲ್ಲಿ ಕೆಲವು ರಾಜ್ಯಗಳ ಸಚಿವರು ಬೆಂಗಳೂರಿನಲ್ಲೇ ಸೇರಿ ಕರಡನ್ನು ವಿರೋಧಿಸಿದರು. ಚರ್ಚೆಯೆಲ್ಲ ಕುಲಪತಿಗಳನ್ನು ಯಾರು ಆರಿಸಬೇಕು ಅನ್ನುವುದರ ಸುತ್ತ ನಡೆಯಿತು. ಶೇ 10ರ ಸಾಲಿನ ಬಗ್ಗೆ ಮಾತಾಡಿದವರು ಕಡಿಮೆ.

ಅನುವಾದಕ್ಕೆ 8, ಲೇಖನಕ್ಕೆ 10

ಹುದ್ದೆ ಸಿಕ್ಕವರ ಕಥೆ ಏನು? ಅವರನ್ನು ಅಳೆಯಲು ಇನ್ನೊಂದು ಕೋಷ್ಟಕ ಇದೆ. 2018ರ ನಿಯಮಾವಳಿಯಲ್ಲಿ ಸಂಶೋಧನಾ ಅಂಕಗಳ ಪಟ್ಟಿ ತೆಗೆದು ನೋಡಿ. ಮಾನ್ಯ ಪತ್ರಿಕೆಯಲ್ಲಿ ಬಂದ ಒಂದು ಲೇಖನಕ್ಕೆ ಮಾನವಿಕದವರಿಗೆ 10 ಅಂಕ. ರಾಷ್ಟ್ರಮಟ್ಟದ ಪ್ರಕಾಶಕರಿಂದ ಬಂದ ಸ್ವಂತ ಪುಸ್ತಕಕ್ಕೂ 10. ಇಡೀ ಪುಸ್ತಕ ಅನುವಾದಿಸಿದರೆ 8. ಒಂದು ಅಧ್ಯಾಯ ಅನುವಾದಿಸಿದರೆ 3. ರಾಜ್ಯ ಸರ್ಕಾರಕ್ಕೆ ನೀತಿ ದಾಖಲೆ ಬರೆದುಕೊಟ್ಟರೆ 4.

ಅಂದರೆ ಆರು ಪುಟದ ಲೇಖನ, ಐದು ವರ್ಷ ಕೂತು ಬರೆದ ಪುಸ್ತಕ, ಎರಡೂ ಒಂದೇ. ಮುನ್ನೂರು ಪುಟದ ಅನುವಾದ ಆರು ಪುಟದ ಲೇಖನಕ್ಕಿಂತ ಕಡಿಮೆ. ಸಹ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಾತಿಗೆ 75 ಅಂಕ ಬೇಕು, ಪ್ರಾಧ್ಯಾಪಕ ಹುದ್ದೆಗೆ 120. ಬರೀ ಅನುವಾದದಿಂದ 75 ಮುಟ್ಟಬೇಕಾದರೆ ಹತ್ತು ಪುಸ್ತಕ ಮಾಡಬೇಕು. ಲೇಖನದಿಂದಾದರೆ ಎಂಟು ಸಾಕು. ಇಂಪ್ಯಾಕ್ಟ್ ಫ್ಯಾಕ್ಟರ್ (ಪತ್ರಿಕೆಯ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಅನ್ನುವ ಅಳತೆ) ಇರುವ ಪತ್ರಿಕೆಯಾದರೆ ಮೇಲೆ ಇನ್ನಷ್ಟು ಅಂಕ, ಅದು 10 ದಾಟಿದರೆ 30. ಹಳಗನ್ನಡದ ಒಂದು ಪಾಠಾಂತರದ ಬಗ್ಗೆ ಬರೆದವರಿಗೆ ಅಂಥ ಪತ್ರಿಕೆ ಯಾವ ಲೋಕದಲ್ಲಿದೆ? ವಿಶ್ವಕೋಶಕ್ಕೆ ಬರೆದ ನಮೂದಿಗೆ ಎಷ್ಟು ಅಂತ ಹುಡುಕಿದೆ. ಅದಕ್ಕೆ ಪ್ರತ್ಯೇಕ ಸಾಲೇ ಇಲ್ಲ.

ಕೋಷ್ಟಕ ಹೇಗಿದೆಯೋ ಅಧ್ಯಾಪಕರು ಹಾಗೇ ಬದಲಾಗುತ್ತಾರೆ. "ಮೂರು ದಿನದಲ್ಲಿ ಪ್ರಕಟಣೆ, ಪ್ರಮಾಣಪತ್ರ ಸಹಿತ" ಅನ್ನುವ ಸಂದೇಶ ನನ್ನ ವಾಟ್ಸ್‌ಆ್ಯಪ್‌ಗೆ ವಾರಕ್ಕೆರಡು ಬರುತ್ತವೆ. ಇಂಥ ಪತ್ರಿಕೆಗಳನ್ನು ತಡೆಯಲು ಯುಜಿಸಿ 2018ರಲ್ಲಿ ಮಾನ್ಯ ಪತ್ರಿಕೆಗಳ ಕೇರ್ ಪಟ್ಟಿ ಅಂತ ಘೋಷಿಸಿತು. ಅದರಲ್ಲಿ ಕನ್ನಡ ಪತ್ರಿಕೆಗಳು ಕಡಿಮೆ ಅಂತ ದೂರುತ್ತಿರುವಾಗಲೇ 2025ರ ಫೆಬ್ರವರಿಯಲ್ಲಿ ಪಟ್ಟಿಯನ್ನೇ ನಿಲ್ಲಿಸಿತು. ಹಾಗಂತ ಅಂಕ ಪದ್ಧತಿಯೇ ಬೇಡ ಅಂತ ನಾನು ಹೇಳಲಾರೆ. ಏನೂ ಬರೆಯದೆ, ಬರೀ ಸೇವಾ ಹಿರಿತನದಿಂದ ಮೇಲೇರಿದವರನ್ನೂ ನೋಡಿದ್ದೇನೆ. ಅಳತೆ ಬೇಕು. ಆದರೆ ಬಟ್ಟೆಯನ್ನು ತಕ್ಕಡಿಯಲ್ಲಿ ತೂಗಬಾರದು.

ಒಳಗೆ ಬರುವ ಬಾಗಿಲಿನಲ್ಲೂ ಇಂಥದ್ದೇ ಗೊಂದಲ. ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್‌ನಲ್ಲಿ ಮೊದಲು ಬರೆಯುವ ಪತ್ರಿಕೆ ಇತ್ತು. 2012ರಿಂದ ಎಲ್ಲವೂ ಬಹು ಆಯ್ಕೆ. ಯಾವ ಕವಿ ಯಾವ ರಾಜನ ಆಸ್ಥಾನದಲ್ಲಿದ್ದ ಅಂತ ಗೊತ್ತಿದ್ದರೆ ಆಯಿತು, ಆ ಕವಿಯ ಒಂದು ಪದ್ಯ ಬಿಡಿಸಿ ಹೇಳಲು ಬರುತ್ತದೆಯೇ ಅಂತ ಯಾರೂ ಕೇಳುವುದಿಲ್ಲ. 2024ರಲ್ಲಿ ಪಿಎಚ್‌.ಡಿ. ಪ್ರವೇಶಕ್ಕೂ ಇದೇ ನೆಟ್ ಅಂಕ ಬಳಸಬಹುದು ಅಂತಾಯಿತು. ಅದೇ ವರ್ಷ ಜೂನ್ 18ರಂದು 9 ಲಕ್ಷಕ್ಕೂ ಹೆಚ್ಚು ಜನ ಬರೆದ ನೆಟ್ ಪರೀಕ್ಷೆ ಮರುದಿನವೇ ರದ್ದಾಯಿತು. ಎಂ.ಎ. ಆದ ಮೇಲೆ ಒಂದು ವರ್ಷ ಕೂತು ಸಣ್ಣ ಪ್ರಬಂಧ ಬರೆದು ಕೈ ಪಳಗಿಸಿಕೊಳ್ಳಲು ಎಂ.ಫಿಲ್. ಅಂತ ಒಂದಿತ್ತು. 2022ರಲ್ಲಿ ಅದನ್ನೂ ತೆಗೆದರು. ನನಗೆ ಸಂಶೋಧನೆ ಅಂದರೆ ಏನು ಅಂತ ಗೊತ್ತಾದದ್ದು ಎಂ.ಫಿಲ್. ಮಾಡುವಾಗ.

ಹೊಸ ವಿಶ್ವವಿದ್ಯಾಲಯಗಳ ವಿಷಯ ಬರೆಯತೊಡಗಿದರೆ ಬೇರೆಯೇ ಲೇಖನ ಆದೀತು. ಹಿಂದಿನ ಸರ್ಕಾರ ಬೀದರ್‌ನಿಂದ ಚಾಮರಾಜನಗರದವರೆಗೆ ಏಳು ಹೊಸದನ್ನು ತೆರೆಯಿತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟ ಉಪಸಮಿತಿ ಇವುಗಳಲ್ಲಿ ಹೆಚ್ಚಿನವೂ ಸೇರಿ ಒಂಬತ್ತನ್ನು ಮುಚ್ಚುವ ಮಾತಾಡಿತು. ಅಷ್ಟು ಹೇಳಿದರೆ ಸಾಕು.

ಈ ವರ್ಷದ ಅಡ್ಮಿಷನ್ ಸಮಯದಲ್ಲಿ ಮೇಜಿನ ಹಿಂದೆ ನಾನಿದ್ದೆ. ಮಧ್ಯಾಹ್ನದ ಬಸ್ಸಿಗೆ ಒಬ್ಬಳು ಹುಡುಗಿ ಬಂದಳು. ಜೊತೆಗೆ ಅಜ್ಜಿ. ಪಿಯುಸಿಯಲ್ಲಿ ಕನ್ನಡಕ್ಕೆ 97 ಬಂದಿದೆ.

"ಸರ್, ಐಚ್ಛಿಕ ಕನ್ನಡ ತಗೋಬೇಕು ಅಂತಿದ್ದೀನಿ. ಇರುತ್ತಾ?"

"ಇರುತ್ತೆ ಅಂತಲೇ ಅಂದುಕೊಳ್ಳಮ್ಮ. ಇನ್ನೂ ನಾಲ್ಕು ಜನ ಸೇರಿದರೆ ಪೂರ್ತಿ ಖಾತ್ರಿ."

ಅವಳಿಗೆ ಅರ್ಥವಾಗಲಿಲ್ಲ. ಕನಿಷ್ಠ ಸಂಖ್ಯೆ ಅಂತ ಒಂದಿದೆ, ಅಷ್ಟು ಜನ ಬರದಿದ್ದರೆ ಆ ವಿಷಯ ನಡೆಸೋಕಾಗಲ್ಲ ಅಂತ ಬಿಡಿಸಿ ಹೇಳಿದೆ. ಅಜ್ಜಿ ಕೇಳಿಸಿಕೊಂಡು, "ಮೇಷ್ಟ್ರಿದ್ದೀರಿ, ಓದೋ ಮಗು ಇದೆ, ಇನ್ನೇನು ಬೇಕು ಸ್ವಾಮಿ?" ಅಂದರು. ನಾನು ಅರ್ಜಿಯನ್ನು ತೆಗೆದಿಟ್ಟುಕೊಂಡು, ವಾರ ಬಿಟ್ಟು ಬನ್ನಿ ಅಂದೆ.

ವಾರ ಕಾಯಲಿಲ್ಲ ಅವಳು. ಮೂರನೇ ದಿನ ಬಂದಳು, ಜೊತೆಗೆ ಅದೇ ಊರಿನ ಇನ್ನಿಬ್ಬರನ್ನು ಕರೆದುಕೊಂಡು. "ಸರ್, ಇನ್ನೆರಡೇ ಬೇಕಲ್ವಾ?"